ಒಂದೂ ಮೀನಿಲ್ಲದ ಪುಸ್ತಕ

ತೋಟಬೆಂಗ್ರೆ, ಮಂಗಳೂರು
ಮೇ ೧೧, ೨೦೨೫, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ವಾಸ್ಕೋದಲ್ಲಿ ಮೋಡ ಕಟ್ಟಿದರೆ ಸಾಕು, ನಿನಗೆ ಉಬ್ಬಸ ಶುರುವಾಗುತ್ತದೆ ಎಂದು ಕೇಳಿದೆ. ಇಲ್ಲಿರುವಾಗ ನಿನಗೆ ಅದು ಇರಲಿಲ್ಲ. ಉಪ್ಪುಗಾಳಿ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ, ಮತ್ತೆ ಯಾಕೆ ಎಂದು ಯೋಚಿಸಿದೆ, ಗೊತ್ತಾಗಲಿಲ್ಲ. ಬಿಸಿನೀರು ಕುಡಿ. ಒದ್ದೆ ತಲೆಯಲ್ಲಿ ಮಲಗಬೇಡ. ಇದು ಅಮ್ಮ ಬರೆಯಿಸಿದ್ದಲ್ಲ, ನಾನೇ ಬರೆದದ್ದು. ಈ ಪತ್ರದ ವಿಷಯ ಅಮ್ಮನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಕೇಳಿದರೆ ಹೇಳುತ್ತೇನೆ, ನಿನಗೆ ನನ್ನ ಅಭ್ಯಾಸ ಗೊತ್ತುಂಟಲ್ಲ.

ವಿಳಾಸ ಹೇಗೆ ಸಿಕ್ಕಿತು ಎಂದು ಕೇಳಬಹುದು. ನಿನ್ನ ಹಳೆ ನಂಬರಿಗೆ ಫೋನ್ ಮಾಡಿದರೆ ಯಾರೋ ಒಬ್ಬರು ಹಿಂದಿಯಲ್ಲಿ ಬೈಯುತ್ತಾರೆ. ಅದಕ್ಕೆ ಕಳೆದ ವಾರ ಬಜಪೆಗೆ ಹೋಗಿ ನಿನ್ನ ಆಲ್ವಿನ್‌ನ ಅಮ್ಮನನ್ನು ಕಂಡೆ. ಗೇಟಿನ ಹತ್ತಿರ ನಿಂತು "ನಾನು ಅಕ್ಷಿತಾಳ ತಮ್ಮ" ಎಂದೆ. "ಹೇಳುವುದು ಬೇಡ ಪುತಾ, ಅದೇ ಮೂಗು" ಎಂದು ಒಳಗೆ ಕರೆದು ನೀರುದೋಸೆ ಬಡಿಸಿದರು. ತಿನ್ನುತ್ತಿರುವಾಗ, "ನಿಮ್ಮಪ್ಪನಿಗೆ ಈಗಲೂ ಸಿಟ್ಟುಂಟಾ?" ಎಂದು ಕೇಳಿದರು. ಹೌದು ಎಂದೆ. ಇಲ್ಲ ಎಂದಿದ್ದರೆ ಇನ್ನೆರಡು ದೋಸೆ ಬೀಳುತ್ತಿತ್ತೋ ಏನೋ. ನಿನ್ನ ಹೊಸ ನಂಬರನ್ನೂ ಕೊಡಲಿಕ್ಕೆ ಬಂದರು, ನಾನೇ ಬೇಡ ಎಂದೆ. ಫೋನಾದರೆ ನೀನು ಅರ್ಧದಲ್ಲಿ ಕಟ್ ಮಾಡಬಹುದು. ಪತ್ರವನ್ನು ಹಾಗೆ ಮಾಡಲಿಕ್ಕೆ ಬರುವುದಿಲ್ಲ, ಹರಿಯಬೇಕಾದರೂ ಮೊದಲು ಒಮ್ಮೆ ತೆರೆಯಬೇಕು.

ಇಲ್ಲಿಯ ವಿಷಯ ಹೇಳುತ್ತೇನೆ. ಅಮ್ಮನ ಮೀನು ವ್ಯಾಪಾರ ಕಾವೂರಿನಲ್ಲಿ ಹಾಗೆಯೇ ನಡೆಯುತ್ತಿದೆ. ಕೆರೆಯ ಹತ್ತಿರದ ಹೊಸ ಮನೆಗಳವರು "ಕುಮುದಿನಿಯಕ್ಕ ಬಂದರಾ" ಎಂದು ಕಾಯುತ್ತಾರಂತೆ. ಮೊಣಕಾಲು ನೋವು ಜಾಸ್ತಿಯಾಗಿದೆ, ಡಾಕ್ಟರರ ಹತ್ತಿರ ಹೋಗುವುದಿಲ್ಲ. ಅಪ್ಪ ಈಗ ಆಳಸಮುದ್ರದ ಬೋಟಿಗೆ ಹೋಗುವುದು ಬಿಟ್ಟು ಬಂದರಿನ ದಕ್ಕೆಯಲ್ಲಿ ಬಲೆ ಕಟ್ಟುವ ಕೆಲಸ ಮಾಡುತ್ತಾರೆ. ಅಜ್ಜನ ಹಳೆ ಮರದ ದೋಣಿ ಮನೆಯ ಹಿಂದೆ ಮರಳಿನ ಮೇಲೆಯೇ ಉಂಟು. ಅದು ನೀರಿಗೆ ಇಳಿಯದೆ ಎಷ್ಟು ಕಾಲವಾಯಿತು. ಆದರೂ ಮಳೆ ಹಿಡಿಯುವ ಮೊದಲು ಅದನ್ನು ಕೆರೆದು, ಮರಕ್ಕೆ ಹುಳ ಹಿಡಿಯದ ಹಾಗೆ ಗೇರೆಣ್ಣೆ ಹಚ್ಚುವುದು ಅಪ್ಪ ಬಿಟ್ಟಿಲ್ಲ. ಮೇ ತಿಂಗಳು ಬಂದರೆ ನಮ್ಮ ಮನೆಗೆ ಆ ಎಣ್ಣೆಯ ಸುಟ್ಟ ವಾಸನೆ ಹೇಗೆ ಹಿಡಿಯುತ್ತದೆ ಎಂಬುದು ನಿನಗೆ ನೆನಪಿರಬಹುದು. ಕಾಲೇಜಿಗೆ ಹೋಗುವಾಗ ಬಟ್ಟೆಗೆಲ್ಲ ಗೇರುಬೀಜದ ಫ್ಯಾಕ್ಟರಿಯ ವಾಸನೆ ಬರುತ್ತದೆ ಎಂದು ನೀನು ಅಪ್ಪನೊಡನೆ ಜಗಳ ಮಾಡುತ್ತಿದ್ದೆ.

ಮನೆಯಲ್ಲಿ ಮಾತು ಕಡಿಮೆಯಾಗಿದೆ. ಜಗಳವಾಗಿ ಅಲ್ಲ. ನೀನಿರುವಾಗ ಮಾತೆಲ್ಲ ನಿನ್ನದು, ನಾವು ಮೂವರು ಕೇಳುವವರು. ಈಗ ಕೇಳುವವರು ಮೂವರೇ ಉಳಿದಿದ್ದೇವೆ. ಅಪ್ಪ ಬಂದ ಕೂಡಲೇ ಟಿವಿ ಹಾಕುತ್ತಾರೆ, ನೋಡುವುದಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕೂತು ಮೀನಿನ ಬುಟ್ಟಿಯ ಹತ್ತಿರ ಒಬ್ಬಳೇ ಏನೋ ಹೇಳಿಕೊಳ್ಳುತ್ತಾಳೆ. ನಿನ್ನ ಹೆಸರನ್ನು ಯಾರೂ ತೆಗೆಯುವುದಿಲ್ಲ. ನೀನು ಆಲ್ವಿನ್ ಜೊತೆ ಹೋದ ದಿನ ಅಪ್ಪ ಅಂಗಳದಲ್ಲಿ ನಿಂತು ಹೇಳಿದ್ದು ಒಂದೇ ಮಾತು. "ಯಾರನ್ನು ಬೇಕಾದರೂ ಕಟ್ಟಿಕೊಳ್ಳಲಿ. ಲೈಬ್ರರಿಗೆ ಹೋಗ್ತೇನೆ, ಲೈಬ್ರರಿಗೆ ಹೋಗ್ತೇನೆ ಅಂತ ಒಂದು ವರ್ಷ ಸುಳ್ಳು ಹೇಳಿದಳಲ್ಲ ನನಗೆ." ಆ ಮೇಲೆ ನಿನ್ನ ಬಗ್ಗೆ ಬಾಯಿ ಬಿಟ್ಟದ್ದಿಲ್ಲ. ನೀನು ಮೊದಲ ತಿಂಗಳು ಫೋನ್ ಮಾಡಿದಾಗ ಎತ್ತಿ ಹಾಗೆಯೇ ಕೆಳಗಿಟ್ಟದ್ದನ್ನು ನಾನು ನೋಡಿದ್ದೇನೆ. ಇಟ್ಟ ಮೇಲೆ ಬಹಳ ಹೊತ್ತು ಫೋನಿನ ಎದುರೇ ಕೂತಿದ್ದರು. ಅದನ್ನೂ ನೋಡಿದ್ದೇನೆ.

ನಾನು ಶಾಲೆ ಬಿಟ್ಟದ್ದು ನಿನಗೆ ಗೊತ್ತಾಗಿರಬಹುದು. ಅಕ್ಕ ಹೋದ ಬೇಜಾರಿಗೆ ಹುಡುಗ ಶಾಲೆ ಬಿಟ್ಟ ಎಂದು ಇಲ್ಲಿ ಕೆಲವರು ಹೇಳುತ್ತಾರೆ. ಅದು ಸುಳ್ಳು, ನೀನು ನಂಬಬೇಡ. ನನಗೆ ಒಂದು ಕಡೆ ಕೂರಲಿಕ್ಕೆ ಆಗುವುದಿಲ್ಲ, ಅಷ್ಟೇ. ಹೆಡ್‌ಮಾಸ್ಟರು "ಕಾರಣ ಎಂತ ಅಂತ ಬರೆಯುವ, ಅನಾರೋಗ್ಯ?" ಎಂದರು. "ಉದಾಸೀನ ಅಂತ ಬರೆಯಿರಿ ಸರ್" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅನಾರೋಗ್ಯ ಎಂದೇ ಬರೆದರು. ಹಾಗಾಗಿ ಟಿಸಿಯಲ್ಲಿ ನಾನು ರೋಗಿ. ಐಸ್ ಪ್ಲಾಂಟಿನಲ್ಲಿ ಸ್ವಲ್ಪ ದಿನ ಇದ್ದೆ, ಒಂದು ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ದಿನ ಇದ್ದೆ. ಈಗ ಪಾರ್ಸೆಲ್ ಡೆಲಿವರಿ. ಬೆಳಿಗ್ಗೆ ಕಡವಿನ ದೋಣಿಯಲ್ಲಿ ಆಚೆ ದಾಟಿದರೆ ಸಂಜೆಯವರೆಗೆ ಕೊಡಿಯಾಲ್‌ಬೈಲಿನ ಅಪಾರ್ಟ್‌ಮೆಂಟುಗಳ ಲಿಫ್ಟುಗಳಲ್ಲಿ ಹತ್ತುವುದು ಇಳಿಯುವುದು. ಬಾಗಿಲು ಒಂದು ಗೇಣು ತೆರೆಯುತ್ತದೆ, ಒಂದು ಕೈ ಬರುತ್ತದೆ, ಪಾರ್ಸೆಲ್ ಒಳಗೆ ಹೋಗುತ್ತದೆ. ಮುಖ ಕಾಣುವುದು ಕಡಿಮೆ. ಕೆಲವು ದಿನ ದೋಣಿಯಲ್ಲಿ "ಪ್ರೇಮನಾಥಣ್ಣನ ಮಗ, ಸ್ವಲ್ಪ ಆಚೆ ಕೂತುಕೋ" ಎಂದು ಯಾರಾದರೂ ಹೇಳಿದರೆ, ಅದೇ ಆ ದಿನ ನನ್ನೊಡನೆ ಆಡಿದ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಇದು ನಿನ್ನ ಪುಸ್ತಕದ ವಿಷಯ. ಯಾವುದು ಎಂದು ನಿನಗೆ ಗೊತ್ತು. ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದಲ್ಲಿಂದ ನೀನು ತಂದ ಇಂಗ್ಲಿಷಿನದು, ಮುಖಪುಟದಲ್ಲಿ ಎತ್ತರದ ಗೋಡೆ, ಗೋಡೆಗೆ ಒರಗಿಸಿದ ಒಂದು ಪುಟ್ಟ ಏಣಿ. ಅದನ್ನು ನೀನು ಸಂಜೆ ಸಂಜೆ ಅಜ್ಜನ ದೋಣಿಯೊಳಗೆ ಕೂತು ನನಗೆ ತುಳುವಿನಲ್ಲಿ ಹೇಳಿದ್ದು. ಮುಂದೆ ಒಂದು ಕಾಲದಲ್ಲಿ ಒಂದು ಊರು. ಸುತ್ತ ಗೋಡೆ. ಅಲ್ಲಿ ಹದಿನಾರು ತುಂಬಿದ ಮಕ್ಕಳಿಗೆಲ್ಲ ಸರಕಾರ ಒಂದು ಲೋಟ ಬಿಳಿ ಔಷಧ ಕುಡಿಸುತ್ತದೆ, ಕುಡಿದವರಿಗೆ ಮನೆಯವರ ಮುಖ ಮರೆತುಹೋಗುತ್ತದೆ, ಊರಿನ ಕೆಲಸ ಬಿಟ್ಟು ಬೇರೆ ಯೋಚನೆ ಬರುವುದಿಲ್ಲ. ತಮ್ಮನನ್ನು ಮರೆಯಲಿಕ್ಕೆ ಮನಸ್ಸಿಲ್ಲದ ಒಬ್ಬಳು ಹುಡುಗಿ ಔಷಧ ಕುಡಿಯುವ ಹಿಂದಿನ ದಿನ ಗೋಡೆ ಹತ್ತಿ ಆಚೆ ಹಾರುತ್ತಾಳೆ. ಹಾರುವ ಮೊದಲು, ನಿನಗೆ ಹದಿನಾರು ತುಂಬುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ತಮ್ಮನಿಗೆ ಹೇಳುತ್ತಾಳೆ. ನನಗೆ ಅದರ ಒಂದೊಂದು ಮಾತೂ ನೆನಪುಂಟು. ಹುಡುಗಿ ಮೀನು ಮಾರುವವಳು ಎಂದು ನೀನು ಹೇಳಿದ್ದೆ. ಬುಟ್ಟಿಯ ಬಂಗುಡೆಯ ಅಡಿಯಲ್ಲಿ ಹಗ್ಗ ಅಡಗಿಸಿಕೊಂಡು ಕಾವಲುಗಾರರ ಎದುರೇ ಹೋದಳು ಎಂದಿದ್ದೆ. ಕೊನೆಗೆ ತಮ್ಮ ಲೋಟ ಕೈಗೆತ್ತಿಕೊಂಡಾಗ ಸಮುದ್ರದ ಕಡೆಯಿಂದ ದೋಣಿಯಲ್ಲಿ ಬಂದು, ಲೋಟ ಕಿತ್ತು ಎಸೆದು, ಅವನನ್ನು ಕರೆದುಕೊಂಡು ಹೋದಳು. ಆ ಕೊನೆಯನ್ನು ಹೇಳಿದ ವಾರವೇ ನೀನು ಹೋದದ್ದು. ನನಗೆ ಆಗ ಹದಿನಾರು.

ಕಳೆದ ತಿಂಗಳು ಕೊಡಿಯಾಲ್‌ಬೈಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂದು ಬಾಗಿಲು ಗೇಣಿಗಿಂತ ಹೆಚ್ಚು ತೆರೆಯಿತು. ಝಕರಿಯಾ ಎಂದು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಪಾರ್ಸೆಲ್ ಭಾರ ಇತ್ತು, ಒಳಗೆ ತಂದಿಡು ಎಂದರು. ಒಳಗೆ ಒಂದು ಗೋಡೆ ಪೂರ್ತಿ ಗಾಜಿನ ಕಪಾಟು, ಅದರಲ್ಲಿ ಪುಸ್ತಕಗಳು, ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ. ಮಧ್ಯದಲ್ಲಿ ನಿನ್ನ ಗೋಡೆ, ನಿನ್ನ ಏಣಿ. ನನ್ನ ಬಾಯಿ ಕೇಳಬೇಕಲ್ಲ, "ಇದು ನಮ್ಮ ಮನೆಯಲ್ಲೂ ಉಂಟು" ಎಂದೆ. ಅವರಿಗೆ ನಗು ಬಂತು. "ಎಲ್ಲರ ಮನೆಯಲ್ಲೂ ಉಂಟು ಮಾರಾಯ. ಆದರೆ ಇದು ಮೊದಲ ಮುದ್ರಣ. ಇದು ಬರುವಾಗ ಬರೆದವರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಸ್ವಲ್ಪವೇ ಪ್ರತಿ ಹಾಕಿದ್ದು. ಆ ಮೇಲೆ ಮಕ್ಕಳೆಲ್ಲ ಹುಚ್ಚು ಹಿಡಿದು ಓದಿದರು." ಅದನ್ನು ಗುರುತಿಸುವುದು ಹೇಗೆ ಎಂದೂ ತೋರಿಸಿದರು. ಶೀರ್ಷಿಕೆಯ ಪುಟದ ಹಿಂಬದಿ ಕೆಳಗೆ ಅಂಕೆಗಳ ಒಂದು ಸಾಲು ಇರುತ್ತದೆ, ಅದರಲ್ಲಿ ಒಂದು ಎಂಬ ಅಂಕೆ ಉಳಿದಿದ್ದರೆ ಮೊದಲ ಮುದ್ರಣ. ಅವರು ಹಡಗಿನಲ್ಲಿರುವಾಗ ಒಂದೊಂದು ಬಂದರಿನಲ್ಲಿ ಇಳಿದು ಮಗಳಿಗೆಂದು ಇಂಥ ಪುಸ್ತಕ ಕೊಳ್ಳುತ್ತಿದ್ದರಂತೆ. ಮಗಳು ದೊಡ್ಡವಳಾದಳು, ಕೊಳ್ಳುವುದು ನಿಲ್ಲಲಿಲ್ಲ. "ನಿನ್ನದರಲ್ಲಿ ಒಂದು ಇದ್ದರೆ ತಾ. ಇನ್ನೊಂದು ಪ್ರತಿ ಇದ್ದರೆ ನನಗೆ ಬೇಡ ಅನ್ನಿಸುವುದಿಲ್ಲ. ಒಳ್ಳೆಯ ಬೆಲೆ ಕೊಡ್ತೇನೆ."

ನಿಜ ಹೇಳುತ್ತೇನೆ ಅಕ್ಕ, ಲಿಫ್ಟಿನಲ್ಲಿ ಇಳಿಯುವಾಗ ನನಗೆ ನಿನ್ನ ನೆನಪಾಗಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಬೈಕ್ ನೆನಪಾಯಿತು. ನಿನ್ನ ನೆನಪಾದದ್ದು ಅಟ್ಟ ಹತ್ತಿದ ಮೇಲೆ. ನಿನ್ನ ಪುಸ್ತಕಗಳ ಮರದ ಪೆಟ್ಟಿಗೆ ನೀಲಿ ಟಾರ್ಪಾಲಿನಲ್ಲಿ ಸುತ್ತಿ, ಬಲೆಯ ಹಗ್ಗದಿಂದ ಕಟ್ಟಿಟ್ಟು ಇತ್ತು. ಹಗ್ಗವನ್ನು ಬದಿಗೆ ಜಾರಿಸಿ, ಮುಚ್ಚಳ ಎತ್ತಿ, ಮೇಲೇ ಇದ್ದ ಆ ಪುಸ್ತಕ ತೆಗೆದೆ. ಅಂಕೆಗಳ ಸಾಲಿನಲ್ಲಿ ಒಂದು ಇತ್ತು. ಮುಖಪುಟ ಮಾತ್ರ ಕಂದು ತಿರುಗಿ ಕಪ್ಪಾಗಿತ್ತು, ಗೋಡೆ ಕಾಣುತ್ತಿತ್ತು, ಏಣಿ ಹುಡುಕಬೇಕಾಯಿತು. ಹಳತಾದಷ್ಟು ಬೆಲೆ ಹೆಚ್ಚು ಎಂದುಕೊಂಡು ನನಗೆ ಇನ್ನೂ ಸಂತೋಷವೇ ಆಯಿತು. ವಾಸನೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಯಾವುದಕ್ಕೆ ಆ ವಾಸನೆ ಇರುವುದಿಲ್ಲ?

ಝಕರಿಯಾರ ಮನೆಯಲ್ಲಿ ಗೊತ್ತಾಯಿತು. ಅವರು ಕೈ ತೊಳೆದು, ಒರೆಸಿ, ಕಿಟಕಿಯ ಹತ್ತಿರ ಕೂತು ಚೀಲದಿಂದ ಪುಸ್ತಕ ತೆಗೆದರು. ಆ ತಂಪು ಕೋಣೆಯಲ್ಲಿ ನಮ್ಮ ಹಿತ್ತಿಲು ಇಡೀ ಎದ್ದು ಕೂತಂತೆ ವಾಸನೆ ಬಂತು. ಅವರು ಮೂಗಿನ ಹತ್ತಿರ ಹಿಡಿದರು, ಬೆರಳಿನಿಂದ ಉಜ್ಜಿದರು. "ಎಂತ ಮಾರಾಯ ಇದು, ಪುಸ್ತಕವಾ, ದೋಣಿಯಾ?" ಎಂದರು. ಅಂಕೆ ನೋಡಿ ತಲೆ ಆಡಿಸಿದರು. "ಮೊದಲ ಮುದ್ರಣವೇ, ಸಂಶಯ ಇಲ್ಲ. ಆದರೆ ಇಂಥ ಪುಸ್ತಕಕ್ಕೆ ಈ ಹೊರಗಿನ ಹೊದಿಕೆ, ಜಾಕೆಟ್ಟೇ ಜೀವ. ಯಾರೋ ಬ್ರಷ್ ತೆಗೆದುಕೊಂಡು ಹಚ್ಚಿದ್ದಾರೆ ಇದಕ್ಕೆ, ಒಂದು ಸಲ ಅಲ್ಲ." ಕೊನೆಯ ಕೆಲವು ಹಾಳೆಗಳು ಎಣ್ಣೆ ಇಳಿದು ಒಂದಕ್ಕೊಂದು ಅಂಟಿ ಹಲಗೆಯಂತೆ ಆಗಿದ್ದವು. ಅವನ್ನು ಉಗುರಿನಿಂದ ತಟ್ಟಿ ನೋಡಿ ಬೇಜಾರು ಮಾಡಿಕೊಂಡರು. "ಕೊನೆಯೇ ಹೋಗಿದೆ ನೋಡು. ಈ ಪುಸ್ತಕದ ಹೆಸರು ಆದದ್ದೇ ಆ ಕೊನೆಯಿಂದ. ನನ್ನ ಮಗಳು ಎರಡು ದಿನ ಊಟ ಬಿಟ್ಟಿದ್ದಳು." ಊಟ ಬಿಡುವಂಥದ್ದು ಎಂತ ಉಂಟು, ಅಕ್ಕ ವಾಪಸು ಬರ್ತಾಳಲ್ಲ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀನು ಯಾವ ಪುಸ್ತಕ ಓದಿದ್ದು ಮಾರಾಯ?"

ತಮ್ಮ ಪ್ರತಿಯನ್ನು ಅಲ್ಲಿಯೇ ಕೂತು ಓದು ಎಂದರು. ಬೇಡ ಎಂದೆ. ಯಾಕೆ ಬೇಡ ಎಂದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ನನ್ನ ಜೊತೆ ಡೆಲಿವರಿ ಮಾಡುವ ಸಫ್ವಾನ್ ಎಂಬವನಿಗೆ ವಿಷಯ ಹೇಳಿದಾಗ ಅವನು, "ಅಷ್ಟೆಯಾ? ಆ ಅಂಕೆಯ ಪುಟದ ಫೋಟೋ ಮಾತ್ರ ತೆಗೆದು ನೆಟ್ಟಿಗೆ ಹಾಕು. ತೆಗೆದುಕೊಂಡ ಮೇಲೆ ಅವರ ಹಣೆಬರಹ" ಎಂದ. ಹಾಕಿದೆವು. ಕೆಳಗೆ ವಿವರ ಬರೆಯುವ ಜಾಗ ಇತ್ತು. ಮುಖಪುಟಕ್ಕೆ ಗೇರೆಣ್ಣೆ ಹಚ್ಚಲಾಗಿದೆ, ಕೊನೆಯ ಹಾಳೆಗಳು ಅಂಟಿವೆ, ವಾಸನೆ ಉಂಟು ಎಂದು ನಾನು ಬರೆದೆ. ಸಫ್ವಾನ್ ಓದಿ ಹಣೆ ಹಣೆ ಚಚ್ಚಿಕೊಂಡ. "ನೀನು ಶಾಲೆ ಬಿಟ್ಟದ್ದಲ್ಲ, ಶಾಲೆ ನಿನ್ನನ್ನು ಬಿಟ್ಟದ್ದು." ನೆಟ್ಟಿಗೆ ಹಾಕಿದ್ದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ಮರುದಿನ ನಾನೇ ಅದನ್ನು ತೆಗೆದುಹಾಕಿದೆ. ನಿನ್ನ ಪುಸ್ತಕವನ್ನು ನಿನ್ನನ್ನು ಕೇಳದೆ ಮಾರಲಿಕ್ಕೆ ಹೊರಟದ್ದು ತಪ್ಪು. ಅದನ್ನು ಈಗ ಹೇಳಿದ್ದೇನೆ, ಬೈಯುವುದಾದರೆ ಬೈ.

ಆ ಸಂಜೆ ಮತ್ತೆ ಅಟ್ಟ ಹತ್ತಿದೆ. ಪೆಟ್ಟಿಗೆಯ ಪ್ರತಿಯೊಂದು ಪುಸ್ತಕಕ್ಕೂ ಎಣ್ಣೆ ಹಚ್ಚಿತ್ತು ಅಕ್ಕ. ನಿನ್ನ ಬಿಎಸ್‌ಸಿ ಪುಸ್ತಕಗಳು, ಶಾಲೆಯ ಭೂಪಟ, ನೀನು ಭಾಷಣಕ್ಕೆ ಬಹುಮಾನ ತಂದ ಡಿಕ್ಷನರಿ, ಬಣ್ಣ ಹಾಕುವ ಒಂದು ಮಕ್ಕಳ ಪುಸ್ತಕ ಕೂಡ. ಒಂದೊಂದಕ್ಕೂ ಹೊರಗಿನಿಂದ ಸಮವಾಗಿ, ಅಂಚು ಬಿಡದೆ, ದೋಣಿಯ ಹೊಟ್ಟೆಗೆ ಹಚ್ಚುವ ಹಾಗೆ. ಹಗ್ಗದ ಗಂಟನ್ನು ಆಗ ನೋಡಿದೆ. ಬಲೆಗೆ ಹಾಕುವ ಗಂಟು. ಆ ಗಂಟು ಹಾಕಲಿಕ್ಕೆ ನಮ್ಮ ಮನೆಯಲ್ಲಿ ಒಬ್ಬರಿಗೇ ಬರುವುದು.

ಅಮ್ಮನನ್ನು ಕೇಳಿದೆ. ಅವಳಿಗೆ ಗೊತ್ತಿತ್ತು. ನೀನು ಮನೆ ಬಿಟ್ಟ ವರ್ಷ ದೋಣಿಗೆ ಹಚ್ಚಿ ಉಳಿದ ಎಣ್ಣೆಯನ್ನು ಅಪ್ಪ ಪುಸ್ತಕಗಳಿಗೆ ಹಚ್ಚಿದ್ದಂತೆ, ಕಳೆದ ವರ್ಷವೂ ಹಾಗೆಯೇ. ಹಚ್ಚಿ, ಅಂಗಳದಲ್ಲಿ ಚಾಪೆ ಹಾಸಿ, ಮೀನು ಒಣಗಿಸುವ ಹಾಗೆ ಸಾಲಾಗಿ ಇಟ್ಟು, ಕಾಗೆ ಬಾರದ ಹಾಗೆ ಬಲೆಯನ್ನೂ ಹೊದಿಸಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, "ನಿನಗೆ ಹೇಳಿದ್ರೆ ಬೆಂಗ್ರೆ ಇಡೀ ಹೇಳಿಕೊಂಡು ಬರ್ತಿ. ಮತ್ತೆ ಅವರು ಹಚ್ಚುವುದನ್ನೇ ಬಿಡ್ತಾರೆ" ಎಂದಳು. ಅದೂ ಸರಿಯೇ.

ಅಪ್ಪನನ್ನು ಕೇಳಲಿಕ್ಕೆ ಸ್ವಲ್ಪ ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಪುಸ್ತಕ ಓದಲಿಕ್ಕೆ ಶುರು ಮಾಡಿದೆ. ನಗಬೇಡ. ಫೋನಿನಲ್ಲಿ ಶಬ್ದದ ಅರ್ಥ ನೋಡುತ್ತ, ಅಪಾರ್ಟ್‌ಮೆಂಟುಗಳ ಮೆಟ್ಟಿಲ ಮೇಲೆ ಮಧ್ಯಾಹ್ನದ ಬುತ್ತಿ ತಿನ್ನುತ್ತ ಓದಿದೆ. ಮೊದಲು ಒಂದೊಂದು ಪುಟಕ್ಕೆ ಒಂದೊಂದು ಊಟ ಬೇಕಾಗುತ್ತಿತ್ತು, ಬರುಬರುತ್ತ ಸಲೀಸಾಯಿತು. ಊರು ಇತ್ತು, ಗೋಡೆ ಇತ್ತು, ಲೋಟ ಇತ್ತು, ಅಕ್ಕ ತಮ್ಮ ಇದ್ದರು. ಆದರೆ ಮೀನಿನ ಬುಟ್ಟಿ ಬರಲೇ ಇಲ್ಲ. ಮುಂದೆ ಬರಬಹುದು ಎಂದು ಕಾದೆ. ಬಂಗುಡೆ ಬರಲಿಲ್ಲ, ದೋಣಿ ಬರಲಿಲ್ಲ. ಅವರ ಊರಿಗೆ ಸಮುದ್ರವೇ ಇಲ್ಲ. ಹುಡುಗಿ ಮೀನು ಮಾರುವವಳಲ್ಲ, ಯಾವುದೋ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಆ ಇಡೀ ಪುಸ್ತಕದಲ್ಲಿ ಒಂದು ಮೀನಿಲ್ಲ ಅಕ್ಕ. ನನಗೆ ಸಿಟ್ಟು ಬರಬೇಕಿತ್ತು, ಸುಳ್ಳೆಂದರೆ ನನಗೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಆ ಮೆಟ್ಟಿಲ ಮೇಲೆ ಕೂತು ಮೊದಲ ಸಲ ನಗು ಬಂತು. ಯಾರಿಗೆ ಹೇಳುವುದು? ತುಳುವಿನಲ್ಲಿ ಆ ಕಥೆ ಗೊತ್ತಿರುವವರು ಈ ಲೋಕದಲ್ಲಿ ಇಬ್ಬರೇ, ಇನ್ನೊಬ್ಬಳು ವಾಸ್ಕೋದಲ್ಲಿ.

ಅಂಟಿದ ಹಾಳೆಗಳವರೆಗೆ ಬಂದು ನಿಂತೆ. ಕಳೆದ ಭಾನುವಾರ ಮಧ್ಯಾಹ್ನ ಅಪ್ಪ ಹಿಂದೆ ದೋಣಿಯ ನೆರಳಿನಲ್ಲಿ ಕೂತು ಯಾರದೋ ಬಲೆ ಸರಿಮಾಡುತ್ತಿದ್ದರು. ಪುಸ್ತಕವನ್ನು ಅವರ ಎದುರು ಮರಳಿನ ಮೇಲೆ ಇಟ್ಟೆ. "ಅಕ್ಕನ ಪುಸ್ತಕಕ್ಕೆ ಎಣ್ಣೆ ಹಚ್ಚಿದ್ದು ನೀವಾ?" ಎಂದೆ. ಅಕ್ಕ ಎಂಬ ಶಬ್ದ ನಮ್ಮ ಹಿತ್ತಿಲಲ್ಲಿ ಕೇಳಿಬಂದದ್ದು ಎರಡು ವರ್ಷದಲ್ಲಿ ಅದೇ ಮೊದಲು. ಅಪ್ಪ ಬಲೆಯಿಂದ ತಲೆ ಎತ್ತಲಿಲ್ಲ. "ಒರಲೆ ಬಂದಿತ್ತು, ಕಾಗದ ತಿನ್ನುತ್ತಿತ್ತು" ಎಂದರು. ಒಂದು ಗಂಟು ಹಾಕಿ ಬಿಗಿದು, "ಜಾಸ್ತಿಯಾಯ್ತಾ?" ಎಂದರು. ಜಾಸ್ತಿಯಾಗಿದೆ ಎಂದೆ. ಈ ಪುಸ್ತಕಕ್ಕೆ ಒಳ್ಳೆಯ ಬೆಲೆ ಇತ್ತು, ಈಗ ಯಾರೂ ತೆಗೆದುಕೊಳ್ಳುವುದಿಲ್ಲ, ಕೊನೆಯ ಹಾಳೆಗಳು ಅಂಟಿಹೋಗಿವೆ ಎಂದು ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತೋ ಏನೋ. ಅಪ್ಪನ ಮುಖ ನೋಡಲಿಕ್ಕೆ ಆಗಲಿಲ್ಲ. ಮಾರಿದ ಮೀನು ಹಾಳು ಎಂದು ವಾಪಸು ತಂದು ಎದುರು ಸುರಿದರೆ ಅಮ್ಮನ ಮುಖ ಹೇಗಾಗುತ್ತದೆ, ಹಾಗೆ.

ಬಲೆಯನ್ನು ಬದಿಗಿಟ್ಟು ಪುಸ್ತಕವನ್ನು ತೊಡೆಯ ಮೇಲೆ ತೆಗೆದುಕೊಂಡರು. ಕೊನೆಯ ಹಾಳೆಗಳನ್ನು ಬಿಸಿಲಿಗೆ ಹಿಡಿದು ಎಣ್ಣೆ ಸ್ವಲ್ಪ ಮೆತ್ತಗಾಗುವವರೆಗೆ ಕಾದರು. ಮತ್ತೆ ಬಲೆ ಹೆಣೆಯುವ ಬಿದಿರಿನ ಸೂಜಿಯನ್ನು, ಆ ಚಪ್ಪಟೆ ತುದಿಯನ್ನು, ಎರಡು ಹಾಳೆಯ ನಡುವೆ ಕೂದಲಿನಷ್ಟು ಕೂದಲಿನಷ್ಟೇ ಒಳಗೆ ಬಿಟ್ಟರು. ಒಂದು ಹಾಳೆ ಬಿಟ್ಟುಕೊಂಡಿತು. ಕೆಲವು ಅಕ್ಷರ ಈಚೆ ಹಾಳೆಯಿಂದ ಆಚೆ ಹಾಳೆಗೆ ಹೋಗಿ ಅಂಟಿದ್ದವು, ಕೆಲವು ಹೋಗಿಯೇಬಿಟ್ಟಿದ್ದವು. ಎರಡನೆಯ ಹಾಳೆ ಬಿಡಿಸುವಾಗ ಅಪ್ಪ, "ಎಂತ ಉಂಟು ಇದರಲ್ಲಿ?" ಎಂದು ಕೇಳಿದರು. ಇಷ್ಟು ದಿನಗಳಲ್ಲಿ ಅಪ್ಪ ನನಗೆ ಒಂದೇ ದಿನ ಎರಡು ಪ್ರಶ್ನೆ ಕೇಳಿದ್ದಿಲ್ಲ.

ಹಾಗೆ ನಾನು ಅಪ್ಪನಿಗೆ ಕಥೆ ಹೇಳಿದೆ. ತುಳುವಿನಲ್ಲಿ, ನೀನು ಹೇಳಿದ ಹಾಗೆಯೇ, ನಿನ್ನದೇ ಜಾಗದಲ್ಲಿ ದೋಣಿಗೆ ಒರಗಿಕೊಂಡು. ಮೀನಿನ ಬುಟ್ಟಿಯನ್ನೂ ಹೇಳಿದೆ, ಅದು ಪುಸ್ತಕದಲ್ಲಿ ಇಲ್ಲ, ಅಕ್ಕ ಸೇರಿಸಿದ್ದು ಎಂದೂ ಹೇಳಿದೆ. ಬಂಗುಡೆಯ ಅಡಿಯಲ್ಲಿ ಹಗ್ಗ ಎಂದಾಗ ಅಪ್ಪನ ಮೀಸೆಯಡಿ ಸ್ವಲ್ಪ ಅಲುಗಿತು. "ಬಂಗುಡೆ ಜಾರ್ತದೆ, ಹಗ್ಗ ಕಾಣ್ತದೆ. ತೊರಕೆ ಆದರೆ ಸರಿ, ಅಗಲ ಉಂಟು" ಎಂದರು. ಅಪ್ಪ ಒಂದೊಂದು ಹಾಳೆ ಬಿಡಿಸಿ ಕೊಟ್ಟ ಹಾಗೆ ನಾನು ನೋಡಿ ನೋಡಿ ಹೇಳಿದೆ. ಕೊನೆಯ ಹಾಳೆ ಬಿಟ್ಟುಕೊಂಡಿತು. ಅದರಲ್ಲಿ ದೊಡ್ಡ ದೊಡ್ಡ ಶಬ್ದ ಇರಲಿಲ್ಲ, ಫೋನ್ ಬೇಕಾಗಲಿಲ್ಲ, ಮನಸ್ಸಿನಲ್ಲೇ ಓದಿದೆ. ತಮ್ಮನಿಗೆ ಹದಿನಾರು ತುಂಬುತ್ತದೆ. ಸಾಲಿನಲ್ಲಿ ನಿಲ್ಲುತ್ತಾನೆ. ಬಾಗಿಲ ಕಡೆ ನೋಡುತ್ತ ನಿಲ್ಲುತ್ತಾನೆ, ಅವನ ಸರದಿ ಬರುತ್ತದೆ, ಲೋಟ ತೆಗೆದುಕೊಂಡು ಕುಡಿಯುತ್ತಾನೆ. ಕುಡಿದ ಮೇಲೂ ಬಾಗಿಲ ಕಡೆಯೇ ನೋಡುತ್ತಾನೆ. ಯಾಕೆ ನೋಡುತ್ತಿದ್ದೇನೆ ಎಂದು ಮಾತ್ರ ಅವನಿಗೆ ಗೊತ್ತಿಲ್ಲ. ಅಲ್ಲಿಗೆ ಮುಗಿಯಿತು.

ಅಪ್ಪ ಕೇಳಿದರು, "ಹುಡುಗಿ ಬಂದಳಾ?"

ಅಕ್ಕ, ನನಗೆ ಹುಟ್ಟಿದ ಮೇಲೆ ಮೊದಲ ಸಲ ಸುಳ್ಳು ಹೇಳಬೇಕು ಎನ್ನಿಸಿತು. ಬಾಯಿಯವರೆಗೆ ಬಂತು. ಇಂಗ್ಲಿಷು ಅಪ್ಪನಿಗೆ ಬರುವುದಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀನು ಆ ದೋಣಿಯೊಳಗೆ ಕೂತು ಇದೇ ಪುಟ ನೋಡುತ್ತ ನನಗೆ ಬೇರೆಯೇ ಹೇಳುವಾಗ ನಿನ್ನ ಬಾಯಿಗೆ ಹೇಗಾಗಿರಬಹುದು ಎಂದು ಆಗ ಗೊತ್ತಾಯಿತು. ಆದರೆ ನನಗೆ ಆಗಲಿಲ್ಲ. "ಪುಸ್ತಕದಲ್ಲಿ ಬರುವುದಿಲ್ಲ. ಅಕ್ಕ ಹೇಳಿದ್ದರಲ್ಲಿ ದೋಣಿಯಲ್ಲಿ ಬರ್ತಾಳೆ" ಎಂದೆ.

ಅಪ್ಪ ಸೂಜಿಯನ್ನು ಲುಂಗಿಗೆ ಒರೆಸಿದರು. ಪುಸ್ತಕವನ್ನು ಮುಚ್ಚಿ ಅದರ ಮುಖಪುಟವನ್ನು ಅಂಗೈಯಲ್ಲಿ ಒಮ್ಮೆ ಸವರಿದರು, ದೋಣಿಗೆ ಎಣ್ಣೆ ಹಿಡಿದಿದೆಯೋ ಎಂದು ನೋಡುವ ಹಾಗೆ. ಹೊಳೆಯ ಕಡೆ ನೋಡಿದರು. ಆಚೆ ದಡದಿಂದ ಕಡವಿನ ದೋಣಿ ಬರುತ್ತಿತ್ತು, ಅದು ಈಚೆ ತಾಗುವವರೆಗೆ ಕಣ್ಣು ತೆಗೆಯಲಿಲ್ಲ. ಮತ್ತೆ ಹೇಳಿದರು, "ಅವಳು ಹೇಳಿದ್ದು ಸುಳ್ಳಾಗಲಿಕ್ಕಿಲ್ಲ." ಅಷ್ಟು ಹೇಳಿ ಬಲೆ ಎತ್ತಿಕೊಂಡರು.

ಇದಿಷ್ಟನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಆಗುತ್ತಿರಲಿಲ್ಲ. ಸಫ್ವಾನ್‌ಗೆ ಹೇಳಿದರೆ ಅರ್ಥವಾಗುವುದಿಲ್ಲ, ಅಮ್ಮ ಅಳುತ್ತಾಳೆ. ಅದಕ್ಕೆ ನಿನಗೇ ಬರೆದೆ. ಕನ್ನಡದಲ್ಲಿ ಬರೆಯುವಾಗ ನಾವು ಯಾರೋ ಬೇರೆಯವರ ಹಾಗೆ ಕಾಣುತ್ತೇವೆ, ಓದುವ ನೀನು ಮನಸ್ಸಿನೊಳಗೆ ತುಳುವಿಗೆ ಮಾಡಿಕೋ. ಅದು ನಿನಗೆ ಹೊಸದಲ್ಲ. ಮೀನು ಸೇರಿಸಬೇಡ, ಇದರಲ್ಲಿ ಬೇಕಾದಷ್ಟು ಉಂಟು.

ಬಜಪೆಯ ಆ ಅಮ್ಮನನ್ನು ನಾನು ಆಗಾಗ ಕಾಣುತ್ತೇನೆ ಎಂದು ಹೇಳಿ ಬಂದಿದ್ದೇನೆ. ಆಲ್ವಿನ್ ಭಾವನಿಗೆ ನನ್ನ ನಮಸ್ಕಾರ ಹೇಳು. ಭಾವ ಎಂದು ಬರೆಯಬಹುದಾ ಎಂದು ಬಹಳ ಯೋಚಿಸಿದೆ, ಬರೆದ ಮೇಲೆ ಸರಿಯೇ ಕಾಣುತ್ತದೆ. ನೀನು ಹುಷಾರಾಗಿರು, ಮಳೆಯಲ್ಲಿ ತಿರುಗಬೇಡ.

ನಿನ್ನ ತಮ್ಮ,
ಶೈಲೇಶ್

ಮತ್ತೆ ಸೇರಿಸಿದ್ದು: ಇದನ್ನು ಅಂಟಿಸುವಷ್ಟರಲ್ಲಿ ಅಪ್ಪ ಬಂದು, ಯಾರಿಗೆ ಬರೆದದ್ದು ಎಂದು ಕೇಳಿದರು. ಹೇಳಿದೆ. ಒಳಗೆ ಹೋದರು, ಚಾ ಕುಡಿದರು, ಹೊರಗೆ ಬಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ನನ್ನದು ಒಂದಕ್ಷರ ಇಲ್ಲ: "ಈ ವರ್ಷ ಅವಳ ಪುಸ್ತಕಕ್ಕೆ ಎಣ್ಣೆ ಹಚ್ಚಬೇಕಾ ಬೇಡವಾ ಕೇಳು. ಬೇಡ ಆದರೆ ಮಳೆ ಹಿಡಿಯುವ ಮುಂಚೆ ಬಂದು ತೆಗೆದುಕೊಂಡು ಹೋಗಲಿ. ಅವಳೊಬ್ಬಳೇ ಬಂದರೆ ಆಗುವುದಿಲ್ಲ, ಇಬ್ಬರೂ ಬರಬೇಕು. ಪೆಟ್ಟಿಗೆ ಭಾರ ಉಂಟು."